ಮೇಜಿನ ಮೇಲೆ 1665ರ ಕಾರವಾರ

1665ರ ಫೆಬ್ರುವರಿಯಲ್ಲಿ ಶಿವಾಜಿಯ ನೌಕಾಪಡೆ ಬಸರೂರಿನ ಮೇಲೆ ಎರಗಿತು. 85 ಯುದ್ಧದೋಣಿಗಳು, 3 ದೊಡ್ಡ ಹಡಗುಗಳು. ಕೊಳ್ಳೆ ಮುಗಿಸಿ ಮರಳುವಾಗ ಶಿವಾಜಿ ಗೋಕರ್ಣದಲ್ಲಿ ಇಳಿದು, ಪರ್ವಸ್ನಾನ ಮಾಡಿ, ಮಹಾಬಲೇಶ್ವರನ ದರ್ಶನ ಪಡೆದ. ಅಲ್ಲಿಂದ 4,000 ಕಾಲಾಳುಗಳೊಡನೆ ಅಂಕೋಲೆಗೆ ಬಂದ. ದಾರಿಯ ಹೊಳೆಗಳನ್ನು ದಾಟಲು 12 ದೋಣಿಗಳನ್ನಷ್ಟೇ ಇಟ್ಟುಕೊಂಡು ಉಳಿದ ಹಡಗುಗಳನ್ನು ಮುಂದೆ ಕಳಿಸಿಬಿಟ್ಟ. 22ನೇ ತಾರೀಖಿಗೆ ಅವನ ದಂಡು ಕಾರವಾರದ ಹೊರಗಿತ್ತು.

ಆಗ ಕಾರವಾರ ಬಿಜಾಪುರದ ಆದಿಲಶಾಹಿಗೆ ಸೇರಿದ ಬಂದರು. ಸೋಂದೆಯ ಕಾಳುಮೆಣಸು, ಹುಬ್ಬಳ್ಳಿ ಸೀಮೆಯ ಮಗ್ಗಗಳಿಂದ ಬಂದ ನವಿರು ಬಟ್ಟೆ, ಏಲಕ್ಕಿ ಇಲ್ಲಿಂದಲೇ ಹಡಗು ಹತ್ತುತ್ತಿದ್ದವು. 1638ರಲ್ಲೇ ಇಂಗ್ಲಿಷರು ಇಲ್ಲಿ ವ್ಯಾಪಾರದ ಕೋಠಿ ತೆರೆದಿದ್ದರು. ದಂಡು ಬರುವ ಸುದ್ದಿ ಅವರಿಗೆ ಬೇಹಿನವರಿಂದ ಮೊದಲೇ ಸಿಕ್ಕಿತು. ರೊಕ್ಕವನ್ನೂ ಹೊತ್ತೊಯ್ಯಬಹುದಾದ ಸರಕನ್ನೂ ಮಸ್ಕತ್ತಿನ ಇಮಾಮನ ಪುಟ್ಟ ಹಡಗೊಂದಕ್ಕೆ ಹೇರಿ, ತಾವೂ ಅದನ್ನೇ ಹತ್ತಿ ಕೂತರು. ಅದೇ ರಾತ್ರಿ, ಶಿವಾಜಿ ಹತ್ತಿರದಲ್ಲಿದ್ದಾನೆ ಎಂಬುದೇ ಗೊತ್ತಿಲ್ಲದೆ, ಬಿಜಾಪುರದ ದೊಡ್ಡ ಸರದಾರ ಬಹಲೋಲ್ ಖಾನನ ಕೈಕೆಳಗಿನ ಶೇರ್ ಖಾನ್ 500 ಜನರೊಂದಿಗೆ ಊರು ಹೊಕ್ಕ. ಬಹಲೋಲ್ ಖಾನನ ತಾಯಿಯ ಮೆಕ್ಕಾ ಯಾತ್ರೆಯ ಏರ್ಪಾಟಿಗೆಂದು ಬಂದವನು ಅವನು. ಸುದ್ದಿ ಕಿವಿಗೆ ಬಿದ್ದೊಡನೆ ತನ್ನ ಜನ, ತನ್ನ ಸರಕು ಇದ್ದ ಜಾಗವನ್ನು ಆದಷ್ಟು ಭದ್ರ ಮಾಡಿಕೊಂಡು, ಊರೊಳಗೆ ಕಾಲಿಟ್ಟರೆ ಕೈಲಾದಷ್ಟು ಕಾದುತ್ತೇನೆ ಎಂದು ಶಿವಾಜಿಗೆ ಹೇಳಿಕಳಿಸಿದ.

4,000 ಜನರೆದುರು 500. ಆದರೂ ಶಿವಾಜಿ ಊರು ಹೊಗಲಿಲ್ಲ. ಬಹಲೋಲ್ ಖಾನನಂಥ ಪ್ರಬಲನನ್ನು ಕೆಣಕುವುದು ಬೇಡವೆಂದು ಯೋಚಿಸಿ ನದಿಯ ಅಳಿವೆಯ ಬಳಿ ಬೀಡುಬಿಟ್ಟ. ಇಂಗ್ಲಿಷರನ್ನಾದರೂ ಒಪ್ಪಿಸು, ಇಲ್ಲವೇ ನೀನು ಪಕ್ಕಕ್ಕೆ ಸರಿದು ಅವರನ್ನು ನನಗೆ ಬಿಡು ಎಂದು ಶೇರ್ ಖಾನನಿಗೆ ಹೇಳಿಸಿದ. ಶೇರ್ ಖಾನ್ ಇಂಗ್ಲಿಷರನ್ನು ಕೇಳಿದ. ಹಡಗಿನಲ್ಲಿ ಮದ್ದುಗುಂಡು ಬಿಟ್ಟರೆ ಬೇರೇನೂ ಇಲ್ಲ, ಚಿನ್ನದ ಬದಲು ಅದೇ ಸಾಕೆಂದರೆ ಬಂದು ಒಯ್ಯಲಿ ಎಂದು ಅವರು ಉತ್ತರ ಕೊಟ್ಟರು. ಶಿವಾಜಿಗೆ ಸಿಟ್ಟು ಬಂತು. ಹೊರಡುವ ಮೊದಲು ಇವರನ್ನು ಹಿಡಿದೇ ತೀರುತ್ತೇನೆಂದ. ಅವನು ನೌಕಾಪಡೆಯನ್ನೇ ಮರಳಿ ಕರೆಸಿಯಾನು ಎಂಬ ಭಯಕ್ಕೆ ಊರಿನ ಅಧಿಕಾರಿಗಳು ವರ್ತಕರನ್ನೆಲ್ಲ ಒಪ್ಪಿಸಿ ಕಾಣಿಕೆ ಕೂಡಿಸಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಫೆಬ್ರುವರಿ 23ರಂದು ದಂಡು ಹೊರಟಿತು. ತನ್ನ ಹೋಳಿಯ ಬೇಟೆಯನ್ನು ಶೇರ್ ಖಾನ್ ಕೆಡಿಸಿದ ಎಂದು ಶಿವಾಜಿ ಮನಸ್ಸಿಲ್ಲದ ಮನಸ್ಸಿನಿಂದ ಹೋದನೆಂದು ಇಂಗ್ಲಿಷರ ಕಾಗದಗಳು ಹೇಳುತ್ತವೆ.

ಊರೊಂದರ ರಕ್ಷಣೆಯ ಇಂಥ ಗಳಿಗೆಗಳನ್ನು ನಕ್ಷೆ, ಕಾಯಿ, ದಾಳ ಹಿಡಿದು ಮೇಜಿನ ಮೇಲೆ ಆಡುವ ಆಟಕ್ಕೆ ಜಗತ್ತಿನಲ್ಲಿ ವಾರ್‌ಗೇಮ್ ಎನ್ನುತ್ತಾರೆ. ಒಬ್ಬರು ಮುತ್ತುವವರು, ಒಬ್ಬರು ಕಾಯುವವರು, ನಡುವೆ ಬೇಕೆಂದರೆ ಒಬ್ಬ ತೀರ್ಪುಗಾರ. ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಬರೆದ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ಆಟದ ಸಿಪಾಯಿಗಳನ್ನಿಟ್ಟು ಆಡುವ ನಿಯಮಗಳನ್ನು ಪುಸ್ತಕ ಮಾಡಿದ. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಇಂಥ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದ ಮೇಲೆ ಇದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ನಮಗೂ ಇದು ಹೊಸತಲ್ಲ. ಚತುರಂಗ ಮೊದಲಿಗೆ ನಾಲ್ಕು ಅಂಗಗಳ ಸೇನೆಯ ಆಟವೇ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಶಾಸ್ತ್ರದಂತೆ ಕೂತು ರೂಪಿಸಿದವರು. ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೀಚಿರುವ ಹುಲಿ–ಕುರಿ ಆಟದಲ್ಲಿ ಎರಡು ಪಕ್ಷಗಳ ಬಲವೂ ಬೇರೆ, ಗುರಿಯೂ ಬೇರೆ. ಕೆಲವೇ ಹುಲಿ, ಹೆಚ್ಚು ಕುರಿ. ಮುತ್ತಿಗೆಯ ಆಟದ ತಿರುಳೆಲ್ಲ ಅದರಲ್ಲಿದೆ.

ಹಾಗಾದರೆ 1665ರ ಕಾರವಾರವನ್ನು ಮೇಜಿನ ಮೇಲೆ ತರಬೇಕೇ? ನಮ್ಮ ಮಕ್ಕಳು, ಕಾಲೇಜು ಹುಡುಗರು, ಊರಿನ ಹಿರಿಯರು ಕೂತು ಅದನ್ನು ಆಡಬೇಕೇ? ಆಡಬೇಕು ಎನ್ನುವವರ ಮಾತೂ ಬೇಡ ಎನ್ನುವವರ ಮಾತೂ ಸುಲಭಕ್ಕೆ ತಳ್ಳಿಹಾಕುವಂಥದಲ್ಲ. ಹಾಗಾಗಿ ಎರಡನ್ನೂ ಪೂರ್ತಿ ಕೇಳಬೇಕು.

ಆಡಬೇಕು ಎನ್ನುವವರ ಮೊದಲ ಬಲ ನಕ್ಷೆ. ಪಾಠದ ಪುಸ್ತಕದಲ್ಲಿ ‘ಕಾರವಾರ’ ಎಂದು ಓದಿದ ಹುಡುಗನ ಕಣ್ಣಿಗೆ ಬರುವುದು ಇಂದಿನ ಬಸ್ ನಿಲ್ದಾಣ, ಟ್ಯಾಗೋರ್ ಕಡಲತೀರ, ಅಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್. ಅದೇ ಹುಡುಗನಿಗೆ 1665ರ ನಕ್ಷೆ ಬರೆ ಎಂದರೆ ಮೊದಲ ಗೆರೆಯಲ್ಲೇ ತಡವರಿಸುತ್ತಾನೆ. ಹಳೆಯ ಕಾರವಾರ ಇದ್ದದ್ದು ಕಡಲ ದಂಡೆಯಲ್ಲಲ್ಲ. ಕಾಳಿ ನದಿಯ ದಂಡೆಗುಂಟ ಒಳಗೆ, ಇಂದಿನ ಕಡವಾಡದ ಕಡೆ. ಈಗಿನ ಪಟ್ಟಣ ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ. ನದಿಯ ಆಚೆ ದಡದ ಸದಾಶಿವಗಡವೂ ಆಗ ಇರಲಿಲ್ಲ. ಸೋಂದೆಯ ಅರಸ ಅದನ್ನು ಕಟ್ಟಿಸಿ ತಂದೆಯ ಹೆಸರಿಟ್ಟದ್ದು ಅರ್ಧ ಶತಮಾನದ ನಂತರ. ಈ ಮೂರು ಸಂಗತಿ ಗೊತ್ತಾದ ಕೂಡಲೇ ಶಿವಾಜಿ ಅಳಿವೆಯಲ್ಲೇ ಏಕೆ ನಿಂತ ಎಂಬುದು ಹೊಳೆಯುತ್ತದೆ. ಅಳಿವೆ ಹಿಡಿದವನ ಕೈಯಲ್ಲಿ ಬಂದರಿನ ಕೊರಳು. ಒಳಗಿರುವ ಹಡಗು ಹೊರಗೆ ಹೋಗುವಂತಿಲ್ಲ, ಹೊರಗಿನ ನೆರವು ಒಳಗೆ ಬರುವಂತಿಲ್ಲ. ಓದಿದರೆ ಇದು ಒಂದು ವಾಕ್ಯ. ಕಾಯಿಯನ್ನು ಕೈಯಲ್ಲಿ ಹಿಡಿದು ಎಲ್ಲಿಡಲಿ ಎಂದು ಯೋಚಿಸಿದವನಿಗೆ ಅದು ಮರೆಯದ ಪಾಠ.

ಕಾಲದ ಮಾತೂ ಹಾಗೆಯೇ. ಫೆಬ್ರುವರಿಯಲ್ಲಿ ಕಡಲು ತೆರೆದಿರುತ್ತದೆ, ಹೊಳೆಗಳು ಇಳಿದಿರುತ್ತವೆ. ಅದೇ ದಂಡು ಆಷಾಢದಲ್ಲಿ ಬಂದಿದ್ದರೆ ದೋಣಿಗಳು ದಡ ಬಿಡುತ್ತಿರಲಿಲ್ಲ, ಗಂಗಾವಳಿ ದಾಟುವುದೇ ದೊಡ್ಡ ಯುದ್ಧವಾಗುತ್ತಿತ್ತು. ಗೋಕರ್ಣದಿಂದ ಅಂಕೋಲೆಗೆ ಬರಬೇಕಾದರೆ ಗಂಗಾವಳಿ ಅಡ್ಡ; ಅಂಕೋಲೆಯಿಂದ ಕಾರವಾರಕ್ಕೆ ಬರಬೇಕಾದರೆ ಕಡಲಿಗೇ ಚಾಚಿದ ಗುಡ್ಡಗಳು; ಕಾರವಾರದಿಂದ ಉತ್ತರಕ್ಕೆ ಹೋಗಬೇಕಾದರೆ ಕಾಳಿ. 4,000 ಜನರ ದಂಡಿಗೆ ಆ 12 ದೋಣಿಗಳು ಏಕೆ ಅಷ್ಟು ಬೇಕಿದ್ದವು ಎಂಬುದು ಈ ನೆಲ ಬಲ್ಲವರಿಗೆ ತಿಳಿದಿದ್ದರೂ, ಅದನ್ನು ನಿಯಮವಾಗಿ ಬರೆದು ಆಡಿದಾಗ ಆಗುವ ಅರಿವು ಬೇರೆ.

ಎರಡನೆಯ ಬಲ ಇನ್ನೂ ದೊಡ್ಡದು. ಇತಿಹಾಸ ಓದುವವನಿಗೆ ಮುಗಿದ ಕತೆ ಗೊತ್ತಿರುತ್ತದೆ. ಆ ರಾತ್ರಿ ಕಾರವಾರದಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಶೇರ್ ಖಾನನ ಬಳಿ ಎಷ್ಟು ಜನರಿದ್ದಾರೆ ಎಂಬುದರ ಖಚಿತ ಲೆಕ್ಕ ಶಿವಾಜಿಗೆ ಸಿಕ್ಕಿತ್ತೇ? ಹೊರಟುಹೋದ ಹಡಗುಗಳು ಎಷ್ಟು ಹೊತ್ತಿನಲ್ಲಿ ಮರಳಿಯಾವು ಎಂಬುದನ್ನು ಊರಿನವರು ಅಂದಾಜು ಮಾಡಬಹುದಿತ್ತೇ? ಮಸ್ಕತ್ತಿನ ಹಡಗು ಕಾದಾಟಕ್ಕೆ ನಿಲ್ಲುತ್ತದೆಯೇ, ಹಾಯಿ ಬಿಚ್ಚಿ ಓಡುತ್ತದೆಯೇ? ಒಳ್ಳೆಯ ವಾರ್‌ಗೇಮಿನಲ್ಲಿ ಎರಡು ಪಕ್ಷಗಳು ಬೇರೆ ಬೇರೆ ಕೋಣೆಯಲ್ಲಿ ಕೂರುತ್ತವೆ. ತೀರ್ಪುಗಾರ ಚೀಟಿಯಲ್ಲಿ ಬರೆದುಕೊಟ್ಟಷ್ಟೇ ಅವರಿಗೆ ಗೊತ್ತು. ಆ ಅರೆಬೆಳಕಿನಲ್ಲಿ ತೀರ್ಮಾನ ಮಾಡಿ ನೋಡಿದವರು ಮತ್ತೆಂದೂ ‘ಶಿವಾಜಿ ಹೆದರಿದ’, ‘ವರ್ತಕರು ಹೇಡಿಗಳು’ ಎಂದು ಸಲೀಸಾಗಿ ಹೇಳಲಾರರು. 112 ಪೌಂಡಿನ ಕಾಣಿಕೆ ಅವಮಾನವೋ ಜಾಣತನವೋ ಎಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆಯುವುದಕ್ಕೂ, ಗಡಿಯಾರದ ಮುಂದೆ ಕೂತು ಆ ರೊಕ್ಕ ಕೊಡುವುದೋ ಬಿಡುವುದೋ ಎಂದು ನಿರ್ಧರಿಸುವುದಕ್ಕೂ ಬಹಳ ಅಂತರವಿದೆ.

ಇದು ಬರೀ ಹವ್ಯಾಸಿಗಳ ಹೆಗ್ಗಳಿಕೆ ಎನ್ನಬೇಡಿ. 1942ರಲ್ಲಿ ಲಿವರ್‌ಪೂಲಿನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಬ್ರಿಟಿಷ್ ನೌಕಾಧಿಕಾರಿ, ಮಹಿಳಾ ನೌಕಾದಳದ ಯುವತಿಯರ ತಂಡದೊಂದಿಗೆ ನೆಲದ ಮೇಲೆ ಗೆರೆ ಎಳೆದು ಹಡಗು–ಜಲಾಂತರ್ಗಾಮಿಗಳ ಆಟ ಆಡಿದ. ಜರ್ಮನ್ ಜಲಾಂತರ್ಗಾಮಿಗಳು ಹಡಗುಸಾಲಿನ ಒಳಗೇ ನುಗ್ಗಿ ಹೊಡೆಯುತ್ತಿವೆ ಎಂಬುದು ಹೊಳೆದದ್ದು ಆ ನೆಲದ ಮೇಲೆ. ಅದರಿಂದ ಹುಟ್ಟಿದ ಪ್ರತಿತಂತ್ರ ಅಟ್ಲಾಂಟಿಕ್‌ನಲ್ಲಿ ಜೀವ ಉಳಿಸಿತು.

ಇನ್ನು ಬೇಡ ಎನ್ನುವವರ ಮಾತು. ನನಗೆ ಅತಿ ಹೆಚ್ಚು ತಟ್ಟುವುದು ಇದು: ಆಟದ ನಕ್ಷೆಯಲ್ಲಿ ಊರು ಒಂದು ಮನೆ, ಒಂದು ಚೌಕ. ಅದನ್ನು ಹಿಡಿದರೆ ಇಷ್ಟು ಅಂಕ, ಕಳೆದುಕೊಂಡರೆ ಇಷ್ಟು. ಆ ಚೌಕದಲ್ಲಿದ್ದವರು ಯಾರು? ದೋಣಿ ನಡೆಸುವ ಖಾರ್ವಿಗಳು, ಅಂಬಿಗರು, ಉಪ್ಪಿನ ಆಗರದವರು, ಸೋಂದೆಯಿಂದ ಮೆಣಸು ಹೇರಿ ಘಟ್ಟ ಇಳಿದ ಎತ್ತುಗಳ ಸಾಲಿನವರು, ಅಂಗಡಿಕಾರರು. ದಂಡು ಬಂದಿದೆ ಎಂದಾಗ ಇಂಗ್ಲಿಷರಿಗೆ ಹತ್ತಲು ಹಡಗಿತ್ತು, ಶೇರ್ ಖಾನನಿಗೆ 500 ಜನರಿದ್ದರು. ಉಳಿದವರಿಗೆ ಏನಿತ್ತು ಎಂದು ಯಾವ ಕಾಗದವೂ ಬರೆಯಲಿಲ್ಲ. ಬರೆದವರು ಇಂಗ್ಲಿಷ್ ಕೋಠಿಯವರು. ಅವರು ಬರೆದದ್ದು ತಮ್ಮ ಕಂಪನಿಯ ಸರಕಿನ ಲೆಕ್ಕ ಒಪ್ಪಿಸಲು. ಮದ್ದುಗುಂಡಿನ ಆ ಗಟ್ಟಿ ಉತ್ತರ, ಹೋಳಿ ಬೇಟೆಯ ಆ ಮಾತು, ಎಲ್ಲವೂ ಅವರ ಬಾಯಿಂದಲೇ ನಮಗೆ ಬಂದಿರುವುದು. ಅದನ್ನೇ ನಿಯಮಪುಸ್ತಕ ಮಾಡಿ ಆಡಿದರೆ ನಮ್ಮದೇ ಊರನ್ನು ನಾವು ಅವರ ಹಡಗಿನ ಮೇಲೆ ನಿಂತು ನೋಡಿದಂತೆ ಆಗುತ್ತದೆ. ಈ ಆಕ್ಷೇಪಕ್ಕೆ ಆಟದ ಕಡೆಯವರು ಪುಸ್ತಕಗಳಿಗೂ ಇದೇ ದೋಷವಿದೆ ಎನ್ನುತ್ತಾರೆ. ನಿಜ. ಆದರೆ ಪುಸ್ತಕ ಓದುವಾಗ ಲೇಖಕನನ್ನು ಅನುಮಾನಿಸಲು ಬಿಡುವಿರುತ್ತದೆ. ಆಟದಲ್ಲಿ ನಿಯಮವನ್ನು ಅನುಮಾನಿಸುವವನನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ.

ಲೆಕ್ಕ ತಪ್ಪುವ ಬಗೆ ಇನ್ನೊಂದಿದೆ. ಕಾರವಾರದ ಎದುರಿಗೇ ಇರುವ ಅಂಜುದೀವಿಯ ಕತೆ ನೋಡಿ. ಮುಂಬಯಿಯನ್ನು ವಶಕ್ಕೆ ಪಡೆಯಲು ಇಂಗ್ಲೆಂಡಿನಿಂದ 1662ರಲ್ಲಿ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ ಬಂದ. ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ದಂಡು ಅಂಜುದೀವಿಯಲ್ಲಿ ಬೀಡುಬಿಟ್ಟು ಕಾದಿತು. ಯಾವ ಶತ್ರುವೂ ಮೇಲೆ ಬೀಳಲಿಲ್ಲ. ಕಾಯಿಲೆಯಿಂದಲೇ ಹೆಚ್ಚಿನವರು ಸತ್ತರು, ಶಿಪ್‌ಮನ್ ಕೂಡ ಸತ್ತ. ಉಳಿದ ಕೆಲವರು ಕೊನೆಗೆ ಮುಂಬಯಿ ಸೇರಿದ್ದು ಇದೇ 1665ರಲ್ಲಿ. ನಮ್ಮ ಕರಾವಳಿಯಲ್ಲಿ ದಂಡುಗಳನ್ನು ಕೊಂದದ್ದು ಕತ್ತಿಗಿಂತ ಜ್ವರ, ಭೇದಿ, ಹಸಿವು. ಇದನ್ನೆಲ್ಲ ಸೇರಿಸಿದ ಆಟ ಆಡಲು ಬೇಸರ. ಬಿಟ್ಟ ಆಟ ಸುಳ್ಳು. ಮಾರಾಟಕ್ಕೆ ಆಟ ಮಾಡುವವರು ಸಾಮಾನ್ಯವಾಗಿ ಎರಡನೆಯದನ್ನೇ ಆರಿಸುತ್ತಾರೆ.

ತೀರ್ಪುಗಾರನ ಪಕ್ಷಪಾತದ ಭಯವೂ ಪೊಳ್ಳಲ್ಲ. 1942ರಲ್ಲಿ ಮಿಡ್‌ವೇ ಕಾಳಗಕ್ಕೆ ಮೊದಲು ಜಪಾನಿನ ನೌಕಾಪಡೆ ಮೇಜಿನ ಮೇಲೆ ಆಡಿ ನೋಡಿದಾಗ ಅವರದೇ ವಿಮಾನವಾಹಕ ಹಡಗುಗಳು ಮುಳುಗಿದವು ಎಂದು ದಾಳ ಹೇಳಿತು. ಅಡ್ಮಿರಲ್ ಉಗಾಕಿ ಆ ಲೆಕ್ಕವನ್ನೇ ತಿದ್ದಿಸಿದ. ಕಾಳಗದಲ್ಲಿ ಅಂಥ ನಾಲ್ಕು ಹಡಗುಗಳು ನಿಜಕ್ಕೂ ಮುಳುಗಿದವು. ತನಗೆ ಬೇಕಾದ ಉತ್ತರವನ್ನೇ ಬಯಸುವವನ ಕೈಯಲ್ಲಿ ಆಟ ಕನ್ನಡಿಯಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಈ ಅಪಾಯ ದೊಡ್ಡದು. ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಶೇರ್ ಖಾನ್ ಎಂದ ತಕ್ಷಣ ಇಂದಿನ ಚುನಾವಣೆಯ ಭಾಷಣಗಳು ಮೇಜಿಗೆ ಬಂದು ಕೂರುತ್ತವೆ. ಗೋಕರ್ಣದಲ್ಲಿ ಮಿಂದು ಬಂದವನೂ ಮೆಕ್ಕಾ ಯಾತ್ರೆಯ ಏರ್ಪಾಟಿಗೆ ಬಂದವನೂ ಎದುರಾದ ಘಟನೆಯಲ್ಲಿ, ಕಾಣಿಕೆ ತೆತ್ತ ವರ್ತಕರ ಹಣದ ಚೀಲವನ್ನು ಮರೆತು ಧರ್ಮದ ಬಣ್ಣವನ್ನಷ್ಟೇ ಕಾಣುವ ಜನ ಇದ್ದಾರೆ. ಅಂಥವರ ನಡುವೆ ಎರಡು ಕಾಯಿ ಇಟ್ಟು ಗೆಲ್ಲಿ–ಸೋಲಿಸಿ ಎನ್ನುವುದು ಒಲೆಗೆ ಸೀಮೆಎಣ್ಣೆ ಸುರಿದಂತೆ ಆಗಬಹುದು ಎಂಬ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ.

ಈ ಅಂಜಿಕೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ ಎನಿಸುತ್ತದೆ. ತಾಳಮದ್ದಳೆಯಲ್ಲಿ ಇಂದು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಅರ್ಥ ಹೇಳುತ್ತಾರೆ. ವಾಲಿಯ ಪಾತ್ರ ಬಂದರೆ ರಾಮನನ್ನೇ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕೇಳಿದವರಾರೂ ಅರ್ಥಧಾರಿಯನ್ನು ರಾಮದ್ರೋಹಿ ಎನ್ನುವುದಿಲ್ಲ. ವಾದ ಚೆನ್ನಾಗಿತ್ತೇ ಎಂದು ನೋಡುತ್ತಾರೆ. ಪಾತ್ರ ಬೇರೆ, ಪಾತ್ರ ಮಾಡಿದವರು ಬೇರೆ ಎಂಬ ಅರಿವು ನಮ್ಮ ಪ್ರೇಕ್ಷಕರಿಗೆ ರಕ್ತಗತ. ವಾರ್‌ಗೇಮಿನಲ್ಲೂ ಇದಕ್ಕೆ ಸಮೀಪದ ಪದ್ಧತಿಯೊಂದಿದೆ. 1988ರಲ್ಲಿ ಕ್ರಿಸ್ ಎಂಗಲ್ ಎಂಬ ಅಮೆರಿಕನ್ ರೂಪಿಸಿದ ‘ಮ್ಯಾಟ್ರಿಕ್ಸ್ ಗೇಮ್’. ಇದರಲ್ಲಿ ಕಾಯಿಗಳ ಬಲಾಬಲದ ದೊಡ್ಡ ಪಟ್ಟಿ ಇಲ್ಲ. ಆಟಗಾರ ತನ್ನ ಸರದಿಯಲ್ಲಿ ತಾನು ಏನು ಮಾಡುತ್ತೇನೆ, ಅದು ಏಕೆ ಸಾಧ್ಯ ಎಂದು ಕಾರಣ ಕೊಟ್ಟು ವಾದಿಸಬೇಕು. ಉಳಿದವರು ಏಕೆ ಆಗದು ಎಂದು ಹೇಳಬಹುದು. ವಾದದ ತೂಕ ನೋಡಿ ತೀರ್ಪುಗಾರ ಹೇಳುತ್ತಾನೆ, ಅನುಮಾನ ಉಳಿದಲ್ಲಿ ದಾಳ. 1665ರ ಕಾರವಾರಕ್ಕೆ ಇದಕ್ಕಿಂತ ಒಪ್ಪುವ ಆಟ ಇಲ್ಲ. ಏಕೆಂದರೆ ಅಲ್ಲಿ ನಡೆದದ್ದೆಲ್ಲ ಮಾತು: ಬೆದರಿಕೆ, ಉತ್ತರ, ಮಧ್ಯಸ್ತಿಕೆ, ಚೌಕಾಸಿ.

ಆದರೆ ಹತ್ತು ವರ್ಷ ಮುಂದೆ ಬಂದರೆ ಈ ಉತ್ತರ ಸಾಲದು. 1670ರ ದಶಕದ ನಡುವೆ ಶಿವಾಜಿಯ ಪಡೆ ಮತ್ತೆ ಬಂತು. ಈ ಬಾರಿ ಮಾತು ನಡೆಯಲಿಲ್ಲ. ಕಾರವಾರದ ಪೇಟೆ ಸುಟ್ಟುಹೋಯಿತು. ಇಂಗ್ಲಿಷರನ್ನು ಮಾತ್ರ ಸೌಜನ್ಯದಿಂದಲೇ ನಡೆಸಿಕೊಂಡರಂತೆ. ಊರು ಸುಟ್ಟರೂ ಹನುಮಪ್ಪ ಹೊರಗೆ. 1675ರಲ್ಲಿ ಕಾರವಾರ, ಅಂಕೋಲೆ, ಶಿವೇಶ್ವರ, ಕದ್ರಾ ಕೈಬದಲಾದವು. 1676ರಲ್ಲಿ ಈ ದಾರಿಯಲ್ಲಿ ಹೋದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್, ಅಂಕೋಲೆಯ ಪೇಟೆ ಅರ್ಧ ಸುಟ್ಟು, ಉಳಿದ ಅಂಗಡಿಗಳು ಬರಿದಾಗಿದ್ದುದನ್ನು ಬರೆದಿಟ್ಟಿದ್ದಾನೆ. 1697ರಲ್ಲಿ ಮರಾಠಾ ಪಡೆಗಳಿಂದ ಕಾರವಾರ ಮತ್ತೆ ಹಾಳಾಯಿತು. 1752ರಲ್ಲಿ ಸದಾಶಿವಗಡ ಪೋರ್ಚುಗೀಸರ ಪಾಲು, 1763ರಲ್ಲಿ ಹೈದರನ ಸೇನಾನಿ ಫಜಲುಲ್ಲಾ ಖಾನನ ಪಾಲು, 1783ರಲ್ಲಿ ಇಂಗ್ಲಿಷರ ಪಾಲು, 1784ರ ಮಂಗಳೂರು ಒಪ್ಪಂದದಲ್ಲಿ ಮತ್ತೆ ಟಿಪ್ಪುವಿನ ಪಾಲು. ಹೆಸರುಗಳು ಬದಲಾದವು. ಪ್ರತಿ ಸಲವೂ ದಂಡಿಗೆ ಅಕ್ಕಿ ಕೊಟ್ಟವರು, ದೋಣಿ ಕೊಟ್ಟವರು, ಮನೆ ಬಿಟ್ಟು ಕಾಡು ಸೇರಿದವರು ಮಾತ್ರ ಅದೇ ಊರಿನವರು.

ಅಂಕೋಲೆಯ ಆ ಅರ್ಧ ಸುಟ್ಟ ಪೇಟೆಯನ್ನು ಮೇಜಿನ ಮೇಲೆ ಹೇಗೆ ಇಡುವುದು? ಮುತ್ತುವವರಿಗೆ ‘ಸುಡು’ ಎಂಬ ಆಯ್ಕೆ ಕೊಟ್ಟರೆ, ಅದಕ್ಕೆ ಲಾಭವಿದ್ದರೆ, ಬುದ್ಧಿವಂತ ಆಟಗಾರ ಸುಟ್ಟೇ ಸುಡುತ್ತಾನೆ. ಅದು ಅವನ ಕ್ರೌರ್ಯದ ಮಾತಲ್ಲ. ಗೆಲ್ಲಲು ನಿಯಮ ತೋರಿಸಿದ ದಾರಿ ಅದು. ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ಅಜ್ಜಿಯ ಊರನ್ನು ಲೆಕ್ಕಾಚಾರದ ನಡೆಯಾಗಿ ಸುಟ್ಟು, ಅಂಕ ಪಡೆದು ಖುಷಿಪಟ್ಟರೆ ನಾವು ಏನನ್ನು ಕಲಿಸಿದಂತಾಯಿತು? ಆಡಬೇಕು ಎನ್ನುವವರ ವಾದಕ್ಕೆ ನಾನು ಬಹುತೇಕ ಒಲಿದವನೇ. ಇಲ್ಲಿ ಮಾತ್ರ ನಿಂತುಬಿಡುತ್ತೇನೆ.

ರಕ್ಷಣೆ ಎಂದರೆ ಆಯುಧವೇ ಎಂದೂ ಒಪ್ಪಬೇಕಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕರ ಕೊಡುವುದಿಲ್ಲ ಎಂದು ಕೂತರು. ಜಮೀನು ಮುಟ್ಟುಗೋಲಾದರೂ ಜಗ್ಗಲಿಲ್ಲ. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಅಂಕೋಲೆಗೆ ಬಂದದ್ದು ಹಾಗೆ. ಇದೂ ಊರು ಕಾದ ಕತೆಯೇ, ನನ್ನ ಮಟ್ಟಿಗೆ ನಮ್ಮ ತೀರದಲ್ಲಿ ನಡೆದ ಅತಿ ದೊಡ್ಡ ರಕ್ಷಣೆಯ ಕತೆ. ಕಾಯಿಯ ಬಲವನ್ನು ಸಂಖ್ಯೆಯಲ್ಲಿ ಬರೆಯುವ ಹಳೆಯ ಆಟಗಳಿಗೆ ಇದು ಸಿಗುವುದಿಲ್ಲ. ಆದರೆ ಆಟದ ಲೋಕವೂ ನಿಂತಲ್ಲೇ ನಿಂತಿಲ್ಲ. 2019ರಲ್ಲಿ ಅಮೆರಿಕದ ಜಿಎಂಟಿ ಗೇಮ್ಸ್ ಹೊರತಂದ ‘ಗಾಂಧಿ’ ಎಂಬ ಆಟದಲ್ಲಿ ಅಹಿಂಸಾ ಚಳವಳಿಯೂ ಒಂದು ಪಕ್ಷ. ಸತ್ಯಾಗ್ರಹವೂ ಒಂದು ನಡೆ. ಆ ಆಟ ಭಾರತವನ್ನೆಲ್ಲ ಒಂದು ಹಲಗೆಯ ಮೇಲೆ ಇಡುತ್ತದೆ. ಅಂಕೋಲೆಯಷ್ಟು ಸಣ್ಣ ಊರಿನ ಆಟವನ್ನು ಅಂಕೋಲೆಯವರೇ ಮಾಡಬೇಕು.

ಇವತ್ತಿನ ಮಾತನ್ನೂ ಬಿಡುವಂತಿಲ್ಲ. ಕಾರವಾರದಲ್ಲಿ ರಕ್ಷಣೆ ಎಂಬುದು ಹಳೆಯ ಕಾಲದ ಸುದ್ದಿಯಲ್ಲ. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಬಂತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲ ಅಂಚಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವು. ದೇಶಕ್ಕೆ ಆ ನೆಲೆ ಬೇಕಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಬೆಲೆ ತೆತ್ತವರು ಯಾರು ಎಂಬುದರಲ್ಲೂ ಸಂಶಯವಿಲ್ಲ. ಊರು ಕಾಯುವ ಆಟ ಆಡುವವರು ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಲು ಕಲಿತರೆ, ಕಲಿತದ್ದು ಸಾರ್ಥಕ.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನ್ನ ತೀರ್ಮಾನ ಇದು. 1665ರ ಕಾರವಾರವನ್ನು ಆಡಬೇಕು. 1670ರ ದಶಕದ ಬೆಂಕಿಯನ್ನು ಆಡಬಾರದು. ಅದನ್ನು ಓದಬೇಕು, ಆ ಜಾಗಗಳಿಗೆ ನಡೆದುಹೋಗಿ ನೋಡಬೇಕು. ಏನು ಮಾಡುವುದು ಎಂದು ಜನ ತಲೆಕೆಡಿಸಿಕೊಂಡ ಗಳಿಗೆಯನ್ನು ತೋರಿಸುವುದರಲ್ಲಿ ಆಟಕ್ಕೆ ಸಾಟಿಯಿಲ್ಲ. ಆಮೇಲೆ ಆದ ನೋವನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಇಲ್ಲದ ಶಕ್ತಿಯನ್ನು ಇದೆಯೆಂದು ನಟಿಸಿದ ಆಟ ಕಲಿಸುವುದಕ್ಕಿಂತ ಕೆಡಿಸುವುದೇ ಹೆಚ್ಚು.

ಆಡುವುದಾದರೂ ಮೇಜಿಗೆ ನಾಲ್ಕು ಕುರ್ಚಿ ಬೇಕು. ಶಿವಾಜಿಗೊಂದು, ಶೇರ್ ಖಾನನಿಗೊಂದು, ಇಂಗ್ಲಿಷ್ ಕೋಠಿಗೊಂದು. ನಾಲ್ಕನೆಯದು ಊರಿಗೆ. ಆ ಕುರ್ಚಿಯಲ್ಲಿ ಕೂತವರ ಬಳಿ ದಂಡಿಲ್ಲ. ಹಣ ಇದೆ, ದೋಣಿ ಇದೆ, ಸುದ್ದಿ ಇದೆ, ಘಟ್ಟದ ದಾರಿ ಗೊತ್ತಿದೆ. ಅವರ ಗೆಲುವು ಒಂದೇ, ಮರುದಿನ ಅಂಗಡಿ ಬಾಗಿಲು ತೆಗೆಯುವುದು. ಉಳಿದ ಮೂವರಲ್ಲಿ ಯಾರೇ ಗೆದ್ದರೂ ಊರು ಸೋತಿದ್ದರೆ ಆ ಗೆಲುವನ್ನು ಬರೆದುಕೊಳ್ಳುವಂತಿಲ್ಲ ಎಂಬ ನಿಯಮ ಇರಲಿ. ಎರಡನೆಯ ಸುತ್ತಿನಲ್ಲಿ ಎಲ್ಲರೂ ಕುರ್ಚಿ ಬದಲಿಸಲಿ. ಆಟ ಶುರುವಾಗುವ ಮೊದಲು, ನಮಗೆ ಗೊತ್ತಿರುವುದೆಲ್ಲ ಇಂಗ್ಲಿಷ್ ಕೋಠಿಯವರ ಕಾಗದದಿಂದ ಬಂದದ್ದು ಎಂದು ತೀರ್ಪುಗಾರ ಗಟ್ಟಿಯಾಗಿ ಹೇಳಲಿ.

ಇದಕ್ಕೆ ದೊಡ್ಡ ಖರ್ಚಿಲ್ಲ. ಕಾಳಿಯ ಅಳಿವೆಯಿಂದ ಕಡವಾಡದವರೆಗಿನ ನಕ್ಷೆ, ಗೋಕರ್ಣದಿಂದ ಉತ್ತರಕ್ಕೆ ಬರುವ ದಾರಿ, ಕೆಲವು ಹುಣಸೆ ಬೀಜ ಅಥವಾ ಕವಡೆ, ಒಂದು ದಾಳ, ಒಂದು ಮಧ್ಯಾಹ್ನ. ಕಾರವಾರ, ಅಂಕೋಲೆಯ ಹೈಸ್ಕೂಲು, ಕಾಲೇಜುಗಳ ಇತಿಹಾಸದ ಮಾಸ್ತರರನ್ನೂ ಅಕ್ಕೋರುಗಳನ್ನೂ ಕೇಳಿಕೊಳ್ಳುತ್ತೇನೆ: ಬರುವ ಫೆಬ್ರುವ­ರಿಯಲ್ಲಿ, ಸುಗ್ಗಿಗೆ ಮೊದಲು, ಒಂದು ತರಗತಿಗೆ ಇದನ್ನು ಆಡಿಸಿ ನೋಡಿ. ನಾಲ್ಕನೆಯ ಕುರ್ಚಿಗೆ ಮೊದಲು ಮಕ್ಕಳನ್ನು ಕೂರಿಸಿ.